ಎತ್ತರದ ಲೋಟ

ಮತ್ತೆ ಟಪ್ ಎಂದಿತು — ಹಿಮ್ಮಡಿಯಿಂದ ಜಾರಿದ ಸ್ಲಿಪ್ಪರು ನೆಲಕ್ಕೆ ಬಿದ್ದ ಸದ್ದು, ಹಸಿರು ರೆಕ್ಸಿನ್ನಿನದು, ಶಾಲೆಯದೇ, ಶೂ ಬಿಚ್ಚಿ ಒಳಗೆ ಬರಬೇಕಾದ ಇಲ್ಲಿ ಸ್ಲಿಪ್ಪರು ಮರೆತು ಬಂದವರಿಗೆಂದು ಬಾಗಿಲ ಬಳಿಯ ಗೂಡಿನಲ್ಲಿ ಇಟ್ಟಿರುವಂಥದ್ದು, ಈ ಉದ್ದನೆಯ ಮೊಗಸಾಲೆಯಲ್ಲಿ ಗೋಡೆಯುದ್ದಕ್ಕೂ ಕುಳಿತ ಗಂಡಸರೆಲ್ಲರ ಕಾಲಲ್ಲೂ ಮನೆಯಿಂದ ಚೀಲದಲ್ಲಿಟ್ಟು ತಂದ ಕಪ್ಪು ಚರ್ಮದ ಸ್ಲಿಪ್ಪರುಗಳು, ನನ್ನ ಗಂಡನ ಕಾಲಲ್ಲಿ ಮಾತ್ರ ಹಸಿರು, ಮರೆತು ಬಂದವನು ಇಲ್ಲಿದ್ದಾನೆ ನೋಡಿ ಎಂದು ಡಂಗುರ ಸಾರುವ ಹಸಿರು, ಮನೆ ಬಾಗಿಲಲ್ಲೇ ಇಟ್ಟಿದ್ದೆನಲ್ಲ, ನಿಮ್ಮ ಶೂಗಳ ಪಕ್ಕದಲ್ಲೇ, ಎಂದರೆ, ಇಟ್ಟಿದೀನಿ ಅಂತ ನೀನು ಹೇಳ್ಬೇಕಲ್ವಾ ಅಮ್ಮಾ, ಎನ್ನುತ್ತಾನೆ ಶಿಂಗೊ, ಅಮ್ಮಾ! ಮಕ್ಕಳು ಹುಟ್ಟಿದ ದಿನದಿಂದ ಈ ಮನುಷ್ಯನ ಬಾಯಲ್ಲಿ ನನ್ನ ಹೆಸರು ಸತ್ತುಹೋಗಿದೆ, ಮಿಸಾವೊ ಎಂದು ಕರೆದರೆ ನಾಲಿಗೆಗೆ ಮುಳ್ಳು ಚುಚ್ಚುತ್ತದೇನೋ, ಟಪ್, ಕಾಲು ಅಲ್ಲಾಡಿಸಬೇಡಿ, ಎನ್ನಲೂ ಇಲ್ಲಿ ಬಾಯಿ ತೆರೆಯುವಂತಿಲ್ಲ, ಗೋಡೆಗಳಿಗೂ ಕಿವಿ, ಆ ಮೂಲೆಯಲ್ಲಿ ಹಾಳೆ ಹಿಡಿದು ನಿಂತ ಹುಡುಗಿಗೂ ಕಿವಿ, ಕಾಯುವ ಹೊತ್ತಿನಲ್ಲಿ ನಾವು ಹೇಗೆ ಕೂರುತ್ತೇವೆ ಎಂಬುದನ್ನೂ ಅವರು ಬರೆದುಕೊಳ್ಳುತ್ತಾರಂತೆ, ತಾಯಂದಿರೆಲ್ಲ ಕಡುನೀಲಿ, ನಾನೂ ಕಡುನೀಲಿ, ಮಂಡಿ ಮುಚ್ಚುವ ಲಂಗ, ಹೊಳಪಿಲ್ಲದ ಗುಂಡಿ, ಒಂದೇ ಮನೆಯಲ್ಲಿ ಸಾವು ಸಂಭವಿಸಿ ನಾವೆಲ್ಲ ಸೊಸೆಯಂದಿರು ಬಂದು ಸಾಲಾಗಿ ಕುಳಿತ ಹಾಗೆ, ಮತ್ತು ನಮ್ಮಿಬ್ಬರ ನಡುವೆ ಚಿಗುಸಾ, ನೆಲ ಮುಟ್ಟದ ಕಾಲುಗಳನ್ನು ಜೋಡಿಸಿಕೊಂಡು, ಬಣ್ಣದ ಕಾಗದದಲ್ಲಿ ಕೊಕ್ಕರೆ ಮಡಚುತ್ತಿದ್ದಾಳೆ, ಎಷ್ಟು ಶಾಂತ ನಿಮ್ಮ ಮಗು, ನಮ್ಮದು ಮನೇಲಿ ಮಂಗ, ಎಂದಳು ಪಕ್ಕದ ಕಡುನೀಲಿ, ಅಯ್ಯೋ ಇದೂ ಮಂಗಾನೇ, ಇವತ್ತು ಬಾಲ ಮಡಚಿಟ್ಟಿದೆ ಅಷ್ಟೆ, ಎಂದೆ ನಾನು, ಇಬ್ಬರೂ ಬಾಯಿಗೆ ಕರವಸ್ತ್ರ ಇಟ್ಟು ನಕ್ಕೆವು, ಇಬ್ಬರೂ ಇನ್ನೊಬ್ಬಳ ಮಗು ಒಳಗೆ ಹೋಗಿ ತೊದಲಲಿ ಎಂದು ಹಾರೈಸಿದೆವು, ಒಂದನೇ ತರಗತಿಗೆ ಒಮ್ಮೆ ಈ ಬಾಗಿಲು ದಾಟಿದರೆ ಸಾಕು, ಕಾಲೇಜು ಮುಟ್ಟುವ ತನಕ ಇನ್ನೊಂದು ಪರೀಕ್ಷೆಯಿಲ್ಲ, ಮಗು ನಿಂತಲ್ಲೇ ನಿಂತು ಮೇಲಕ್ಕೆ ಹೋಗುತ್ತದೆ, ದಾಟದಿದ್ದರೆ — ತೆತ್ಸುಯಾ ದಾಟಲಿಲ್ಲ, ನನ್ನ ದೊಡ್ಡವನು, ಇದೇ ವಯಸ್ಸಿನಲ್ಲಿ ಇದೇ ಮೊಗಸಾಲೆಯಲ್ಲಿ ಕುಳಿತಿದ್ದ, ಒಳಗೆ ಹೋದವನು ಮೇಜಿನ ಕೆಳಗೆ ನುಸುಳಿ ಹೊರಗೆ ಬರಲೊಲ್ಲೆ ಎಂದ, ಅತ್ತೆ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ, ಆಡಿದ್ದರೆ ಜಗಳವಾಡಬಹುದಿತ್ತು, ಆಡಲಿಲ್ಲ, ಪ್ರತಿ ಏಪ್ರಿಲ್‌ನಲ್ಲಿ ಈ ಶಾಲೆಯ ಟೋಪಿ ತೊಟ್ಟ ಹೊಸ ಮಕ್ಕಳು ನಮ್ಮ ಓಣಿಯಲ್ಲಿ ಹಾದುಹೋಗುವಾಗ ಮಾತ್ರ ಪೊರಕೆ ಕೈಯಲ್ಲಿ ಹಿಡಿದು ಸುಮ್ಮನೆ ನಿಂತುಬಿಡುತ್ತಾರೆ.

ಅವನೇನು ದಡ್ಡನೇ, ಅಲ್ಲ, ಅವನ ತಲೆ ಅಷ್ಟು ಹೊತ್ತಿಗೆ ಅಷ್ಟೇ ಬೆಳೆದಿತ್ತು, ಈಗ ನನಗೆ ಗೊತ್ತು, ಮಕ್ಕಳ ತಲೆ ಬಿದಿರಿನ ಹಾಗೆ, ಗೆಣ್ಣು ಗೆಣ್ಣಾಗಿ ಬೆಳೆಯುತ್ತದೆ, ಒಂದು ಗೆಣ್ಣು ಬಲಿಯದೆ ಮುಂದಿನದು ಏಳುವುದಿಲ್ಲ, ಎಳೆದರೆ ಕಿತ್ತುಬರುತ್ತದೆ, ಗೊತ್ತಿದ್ದೂ ಏನು ಪ್ರಯೋಜನ, ನವೆಂಬರಿನ ಪರೀಕ್ಷೆ ಗೆಣ್ಣು ಬಲಿಯುವವರೆಗೆ ಕಾಯುತ್ತದೆಯೇ — ಚಿಗುಸಾ ಕೂಸಾಗಿದ್ದಾಗ ಎತ್ತರದ ಕುರ್ಚಿಯಲ್ಲಿ ಕುಳಿತು ಚಮಚ ಬೀಳಿಸುತ್ತಿದ್ದಳು, ನಾನು ಎತ್ತಿಕೊಡುತ್ತಿದ್ದೆ, ಬೀಳಿಸುತ್ತಿದ್ದಳು, ಎತ್ತಿಕೊಡುತ್ತಿದ್ದೆ, ನನ್ನ ಸೊಂಟ ಮುರಿಯುತ್ತಿತ್ತು, ಕಿಡಿಗೇಡಿ, ಎಂದು ನಾನು ಬೈದರೆ ಅತ್ತೆ, ಕಿಡಿಗೇಡಿತನ ಅಲ್ಲಮ್ಮ, ಮೇಲಿಂದ ಬಿಟ್ಟಿದ್ದು ಕೆಳಗೇ ಬೀಳತ್ತಾ ಅಂತ ವಿಚಾರಿಸ್ತಾ ಇದಾಳೆ, ವಿಚಾರಣೆ ಮುಗಿಯೋವರೆಗೂ ನೀನು ಪೇದೆ ಥರ ನಿಂತಿರು, ಎಂದು ನಗುತ್ತಿದ್ದರು, ಸಿಕ್ಕಿದ್ದನ್ನೆಲ್ಲ ಬಾಯಿಗಿಟ್ಟು ಪರಿಚಯ ಮಾಡಿಕೊಳ್ಳುವ ಕಾಲ ಅದು, ಬೀಗದ ಕೈ, ಬೆಕ್ಕಿನ ಬಾಲ, ನನ್ನ ಗದ್ದ, ಆಮೇಲೆ ಮಾತು ಬಂತು, ಮಾತಿನ ಜತೆಗೇ ಮಂತ್ರವೂ, ಚಂದಿರ ನಮ್ಮ ಹಿಂದೇನೇ ಬರ್ತಿದಾನೆ ಅಮ್ಮ, ಅವನ ಮನೆಗೆ ಹೋಗೋಕೆ ಹೇಳು, ಸ್ನಾನದ ತೊಟ್ಟಿಯ ನೀರು ಗಿರಗಿರ ತಿರುಗಿ ರಂಧ್ರದೊಳಗೆ ಇಳಿಯುವಾಗ ತಾನೂ ಇಳಿದುಹೋಗುವೆನೆಂದು ನನ್ನ ಕೊರಳಿಗೆ ಜೋತುಬೀಳುತ್ತಿದ್ದಳು, ಊರಿನಿಂದ ನನ್ನ ಅಪ್ಪ ಫೋನು ಮಾಡಿ, ಊಟ ಆಯ್ತಾ ಪುಟ್ಟಿ, ಎಂದು ಕೇಳಿದರೆ ಫೋನಿಗೆ ತಲೆಯಾಡಿಸುತ್ತಿದ್ದಳು, ಅತ್ತ ಅಪ್ಪ, ಹಲೋ ಹಲೋ, ಮಗು ಇದೆಯೋ ಹೋಯ್ತೋ, ಎಂದು ಕೂಗುತ್ತಿದ್ದರೆ ಇತ್ತ ಇವಳು ಇನ್ನೂ ಜೋರಾಗಿ ತಲೆಯಾಡಿಸುತ್ತಿದ್ದಳು, ತನಗೆ ಕಂಡದ್ದು ಜಗತ್ತಿಗೆಲ್ಲ ಕಂಡಿತು ಎಂಬ ನಂಬಿಕೆ, ಎಂಥ ನೆಮ್ಮದಿ ಅದು, ಮತ್ತು ಅನ್ನದ ಉಂಡೆ — ಒಂದು ಕೊಟ್ಟರೆ, ಸಾಲದು, ಅಣ್ಣಂಗೆ ಜಾಸ್ತಿ ಕೊಟ್ಟಿದೀಯ, ಅದನ್ನೇ ಅವಳ ಕಣ್ಣೆದುರೇ ಎರಡು ತುಂಡು ಮಾಡಿಕೊಟ್ಟರೆ, ಈಗ ಜಾಸ್ತಿ ಆಯ್ತು, ಎಂದು ತೃಪ್ತಿಯಿಂದ ತಿನ್ನುತ್ತಿದ್ದಳು, ನಾನು ಹಾಗೆಯೇ ಅವಳನ್ನು ಎಷ್ಟು ಸಲ ಯಾಮಾರಿಸಿಲ್ಲ, ಯಾವ ತಾಯಿ ಯಾಮಾರಿಸಿಲ್ಲ, ಆ ಗೆಣ್ಣು ಎಂದೆಂದಿಗೂ ಹಾಗೇ ಇದ್ದಿದ್ದರೆ ಅಕ್ಕಿಯಾದರೂ ಉಳಿಯುತ್ತಿತ್ತು.

ಆದರೆ ಪರೀಕ್ಷೆಯಲ್ಲಿ ಕೇಳುವುದು ಅದನ್ನೇ, ಖದೀಮರು, ಬೇಕೆಂದೇ ಅದನ್ನೇ ಕೇಳುತ್ತಾರೆ, ಎರಡು ಸಮನಾದ ಲೋಟಗಳಲ್ಲಿ ಒಂದೇ ಮಟ್ಟಕ್ಕೆ ಚಹಾ ಸುರಿದು, ಒಂದನ್ನು ಎತ್ತರದ ತೆಳ್ಳನೆಯ ಲೋಟಕ್ಕೆ ಬಗ್ಗಿಸಿ, ಈಗ ಯಾವುದರಲ್ಲಿ ಹೆಚ್ಚಿದೆ ಎಂದು ಕೇಳುತ್ತಾರೆ, ತೆತ್ಸುಯಾ, ಎತ್ತರದ್ರಲ್ಲಿ, ಎಂದಿದ್ದ, ಅಲ್ಲಿಂದಲೇ ಅವರ ಮುಖ ಬದಲಾದದ್ದು, ಮೇಜಿನ ಕೆಳಗೆ ನುಸುಳಿದ್ದು ಆಮೇಲೆ, ಅದಕ್ಕೇ ಈ ಸಲ ಕುವಾಬಾರಾ ಟೀಚರ್, ಪರೀಕ್ಷೆಗೆ ಮಕ್ಕಳನ್ನು ತಯಾರು ಮಾಡುವುದರಲ್ಲಿ ಪಳಗಿದ ಕೈ, ಅವರ ತರಗತಿಗೆ ಸೇರಲೂ ಒಂದು ಪರೀಕ್ಷೆಯಿದೆ, ಮಗೂಗೆ ಅರ್ಥ ಮಾಡಿಸೋಕೆ ಹೋಗ್ಬೇಡಿ ಉರಾನೊ ಅವರೇ, ಅರ್ಥ ತಾನಾಗೇ ಆಗುತ್ತೆ, ಆದರೆ ಶಾಲೆ ಬಾಗಿಲು ಮುಚ್ಚಿದ ಮೇಲೆ ಆಗುತ್ತೆ, ಬಾಯಿಗೆ ಉತ್ತರ ಕೂರಿಸಿ, ಕಣ್ಣು ಏನಾದ್ರೂ ಹೇಳ್ಲಿ, ಎಂದರು ಅವರು, ನನ್ನನ್ನು ನಮ್ಮ ಮನೆತನದ ಹೆಸರಿನಿಂದ ಕರೆದು, ಉತ್ತರವನ್ನೂ ಅವರೇ ಹೊಲಿದು ಕೊಟ್ಟರು, ಅಷ್ಟೇ ಇದೆ, ಸುರಿದದ್ದು ಮಾತ್ರ, ಏನೂ ಸೇರಿಸಿಲ್ಲ, ಏನೂ ತೆಗೆದಿಲ್ಲ — ಕೈ ತೊಡೆಯ ಮೇಲೆ, ಬೆನ್ನು ನೆಟ್ಟಗೆ, ಮುಗಿದ ಮೇಲೆ ಸಣ್ಣ ನಗು, ಬೇಸಿಗೆಯುದ್ದಕ್ಕೂ ಸಂಜೆಯಾದರೆ ಅಡುಗೆಮನೆಯ ಮೇಜಿನ ಮೇಲೆ ಬಾರ್ಲಿ ಚಹಾ, ಲೋಟದಿಂದ ಬಟ್ಟಲಿಗೆ, ಬಟ್ಟಲಿನಿಂದ ಬಾಟಲಿಗೆ, ಬಾಟಲಿಯಿಂದ ಹೂದಾನಿಗೆ, ಮೊದಮೊದಲು ಅವಳು ವಾದಿಸುತ್ತಿದ್ದಳು, ಇಲ್ನೋಡಮ್ಮ, ಇದು ಇಲ್ಲೀವರೆಗೂ ಹತ್ತಿಬಿಟ್ಟಿದೆ, ಅದು ಕೂತ್ಕೊಂಡಿದೆ, ಹತ್ತಿರೋದು ಜಾಸ್ತಿ, ಎಂದು ಬೆರಳಿಟ್ಟು ತೋರಿಸುತ್ತಿದ್ದಳು, ಆ ಬೆರಳನ್ನು ಲೋಟದಿಂದ ತೆಗೆದು ತೊಡೆಯ ಮೇಲಿಡುತ್ತಿದ್ದೆ, ಇನ್ನೊಮ್ಮೆ ಹೇಳು, ಅಲ್ಲ, ಇನ್ನೊಮ್ಮೆ, ಸರಿಯಾಗಿ ಹೇಳಿದಾಗ ನಾನು ಮಾತಾಡುತ್ತಿರಲಿಲ್ಲ, ಪರೀಕ್ಷೆಯಲ್ಲಿ ತಾಯಿ ಮಾತಾಡುವಂತಿಲ್ಲವಲ್ಲ, ಗದ್ದವನ್ನು ಒಂದಿಷ್ಟು ಕೆಳಗಿಳಿಸುತ್ತಿದ್ದೆ, ಅಷ್ಟೆ, ಹೊರಗಿನವರಿಗೆ ಕಾಣದಷ್ಟು, ಅವಳಿಗೆ ಕಾಣುವಷ್ಟು, ಈಗ ಬಾರ್ಲಿ ಚಹಾ ಕಂಡರೆ ಮುಖ ತಿರುಗಿಸುತ್ತಾಳೆ, ಏನಮ್ಮಾ ಮಿಸಾವೊ, ಮಗೂಗೆ ಚಹಾ ಕುಡಿಸ್ತಿದೀಯೋ ಶಾಲೆ ಕುಡಿಸ್ತಿದೀಯೋ, ಏಳು ವರ್ಷದ ತನಕ ಮಕ್ಕಳು ದೇವರ ಸೊತ್ತು, ನಮಗೆ ಸಾಲ ಕೊಟ್ಟಿರ್ತಾನೆ ಅಷ್ಟೆ, ಎಂದರು ಅತ್ತೆ, ಹಾಗಾದ್ರೆ ದೇವರೇ ಬಂದು ಸಂದರ್ಶನಕ್ಕೆ ಕೂರ್ಲಿ ಅತ್ತೆ, ಕಡುನೀಲಿ ಸೂಟು ನಾನು ಹೊಲಿಸಿಕೊಡ್ತೀನಿ, ಎಂದೆ, ಅವರು ಪೊರಕೆ ಎತ್ತಿಕೊಂಡು ಹೊರಗೆ ಹೋದರು.

ಇನ್ನು ತೆತ್ಸುಯಾ, ಅವನದು ಇನ್ನೊಂದೇ ಗೆಣ್ಣು, ಮೀಸೆ ಚಿಗುರುವ ಮೊದಲೇ 'ಒಂದು ವೇಳೆ' ಚಿಗುರಿತು, ಒಂದು ವೇಳೆ ಈ ಊರಲ್ಲಿ ಯಾರೂ ಪರೀಕ್ಷೆಗೆ ಹೋಗದೇ ಇದ್ರೆ ಏನಾಗುತ್ತೆ ಅಮ್ಮ, ಒಂದು ವೇಳೆ ಸಮ ಅನ್ನೋದೇ ಜನ ಮಾಡ್ಕೊಂಡ ಒಪ್ಪಂದ ಆಗಿದ್ರೆ, ಒಂದು ವೇಳೆ ನೀನು ಅಮ್ಮ ಆಗದೇ ಇದ್ದಿದ್ರೆ ಏನಾಗಿರ್ತಿದ್ದೆ, ಮೀನು ಹುರಿಯುತ್ತ ನಿಂತವಳನ್ನು ಕೇಳುವ ಪ್ರಶ್ನೆಯೇ ಅದು, ಸುಖವಾಗಿರ್ತಿದ್ದೆ, ತಟ್ಟೆ ತಗೋ, ಎಂದೆ, ಮೊನ್ನೆ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ತಂಗಿಯ ಪಾಠ ಕೇಳುತ್ತಿದ್ದವನು, ಅವಳಿಗೇನೂ ಗೊತ್ತಾಗಿಲ್ಲ ಅಮ್ಮ, ಗಿಳಿಪಾಠ ಒಪ್ಪಿಸ್ತಿದಾಳೆ, ಬೇಕಾದ್ರೆ ನೋಡು, ಎಂದವನೇ ಬಂದು ಎತ್ತರದ ಲೋಟಕ್ಕೆ ಹೂಜಿಯಿಂದ ಇನ್ನಷ್ಟು ಚಹಾ ಸುರಿದ, ತುಂಬಿ ತುಳುಕುವ ಹಾಗೆ, ಈಗ ಹೇಳು ಚಿಗುಸಾ, ಎಂದ, ಅವಳು ಉಕ್ಕಿ ಮೇಜಿನ ಮೇಲೆ ಹರಿಯುತ್ತಿದ್ದ ಚಹಾ ನೋಡಿದಳು, ಬೆನ್ನು ನೆಟ್ಟಗೆ ಮಾಡಿದಳು, ಅಷ್ಟೇ ಇದೆ, ಸುರಿದದ್ದು ಮಾತ್ರ — ಇವನು ಹೊಟ್ಟೆ ಹಿಡಿದು ನಕ್ಕ, ನನಗೆ ಸಿಟ್ಟು ನೆತ್ತಿಗೇರಿ, ನಿನ್ನಿಂದಾಗಿ ಮೇಜೆಲ್ಲ ಹಾಳು, ಹೋಗು, ನೀನಂತೂ ದಾಟಲಿಲ್ಲ, ಇವಳನ್ನಾದ್ರೂ ದಾಟೋಕೆ ಬಿಡು, ಎಂದುಬಿಟ್ಟೆ, ಅವನ ನಗು ನಿಂತಿತು, ಅವನು ಬಟ್ಟೆ ತಂದು ಮೇಜು ಒರೆಸಿದ, ಒಂದೇ ಒಂದು 'ಒಂದು ವೇಳೆ' ಇಲ್ಲದೆ ಒರೆಸಿದ, ಅದು ಇನ್ನೂ ಕೆಟ್ಟದಾಗಿತ್ತು, ಅದನ್ನು ಈಗ ಯಾಕೆ ನೆನೆಯಬೇಕು, ಟಪ್, ಯಾರ ಹೆಸರು ಕರೆದರು, ಉರಾನೊ ಚಿಗುಸಾ, ನಮ್ಮದೇ, ಕಾಗದದ ಕೊಕ್ಕರೆ ಚೀಲಕ್ಕೆ, ಕರವಸ್ತ್ರ ಜೇಬಿಗೆ, ಏಳಿ, ಸ್ಲಿಪ್ಪರು ಎಳೆಯದೆ ನಡೆಯಿರಿ, ದೇವರೇ, ಸ್ಲಿಪ್ಪರು ಎಳೆಯದೆ ನಡೆಯಿರಿ.

ಕೋಣೆ ನಾನು ಅಂದುಕೊಂಡದ್ದಕ್ಕಿಂತ ಚಿಕ್ಕದು, ಕಿಟಕಿಯಾಚೆ ಗಿಂಕೊ ಮರ ಹಳದಿ ಉದುರಿಸುತ್ತಿದೆ, ಮೇಜಿನಾಚೆ ಇಬ್ಬರು, ಬರೆದುಕೊಳ್ಳುವ ಎಳೆಯ ಮೇಷ್ಟರು, ನರೆಗೂದಲಿನ ಮುಖ್ಯೋಪಾಧ್ಯಾಯಿನಿ, ಆಕೆಯ ದನಿ ನೆಗಡಿಯಿಂದ ಒಡೆದಿದೆ, ಕ್ಷಮಿಸ್ಬೇಕು, ಬೆಳಗಿಂದ ಮಾತಾಡಿ ಮಾತಾಡಿ ಗಂಟಲು ಹೋಗಿದೆ, ಎನ್ನುತ್ತಾರೆ, ಒಳ್ಳೆಯ ಹೆಂಗಸು, ಅಥವಾ ಒಳ್ಳೆಯವಳ ಹಾಗೆ ಕಾಣಲು ಪಳಗಿದವಳು, ಮಗಳ ಜತೆ ಏನು ಆಟ ಆಡ್ತೀರಿ ಉರಾನೊ ಅವರೇ, ಎಂದು ಶಿಂಗೊನನ್ನು ಕೇಳುತ್ತಾರೆ, ಭಾನುವಾರಗಳಂದು ನದಿಯ ದಂಡೆಗೆ ಕರೆದುಕೊಂಡು ಹೋಗಿ ಚೆಂಡಾಟ ಆಡುತ್ತೇನೆ, ಎನ್ನುತ್ತಾನೆ ಅವನು, ನಾನು ಹೇಳಿಕೊಟ್ಟದ್ದನ್ನು ಒಂದಕ್ಷರ ಬಿಡದೆ, ಮತ್ತು ನಡುವಿನ ಕುರ್ಚಿಯಿಂದ ಚಿಗುಸಾ ಬೆರಗಾಗಿ ಅವನತ್ತ ತಿರುಗಿ, ಇಲ್ಲ, ಅಪ್ಪ ಭಾನುವಾರ ನಿದ್ದೆ ಮಾಡ್ತಾರೆ, ಹೊಟ್ಟೆ ಹೀಗೆ ಹೀಗೆ ಮೇಲೆ ಕೆಳಗೆ ಆಗುತ್ತೆ, ನಾನು ಅದರ ಮೇಲೆ ಕೊಕ್ಕರೆ ಇಟ್ಟು ಹಾರಿಸ್ತೀನಿ, ಎನ್ನುತ್ತಾಳೆ, ಎಳೆಯ ಮೇಷ್ಟರ ಪೆನ್ನು ನಿಲ್ಲುತ್ತದೆ, ಮುಖ್ಯೋಪಾಧ್ಯಾಯಿನಿ ಮನಸಾರೆ ನಗುತ್ತಾರೆ, ಅದೂ ಒಳ್ಳೇ ಆಟಾನೇ, ನಾನು ಮಾತ್ರ ನಗಲಿಲ್ಲ, ನಾನು ಮಗುವಿನತ್ತ ನೋಡಿದೆ, ಮನೆಯಲ್ಲಿ ನೋಡುವ ಹಾಗೆ, ಬಾಟಲಿ ಬೀಳಿಸಿದಾಗ ನೋಡುವ ಹಾಗೆ, ಅವಳ ನಗು ಮುದುಡಿ ಬೆನ್ನು ನೆಟ್ಟಗಾಯಿತು, ಆಗ ಲೋಟಗಳು ಬಂದವು, ಬಾರ್ಲಿ ಚಹಾ, ಅದೇ ಬಣ್ಣ, ಎರಡೂ ಸಮ ಇದೆಯಾ ಪುಟ್ಟಿ, ಇದೆ, ಮುಖ್ಯೋಪಾಧ್ಯಾಯಿನಿ ಒಂದು ಲೋಟ ಎತ್ತಿಕೊಂಡರು, ಎತ್ತರದ ಲೋಟಕ್ಕೆ ಸುರಿಯುತ್ತಾರೆ ಎಂದು ನಾನು ಉಸಿರು ಬಿಗಿಹಿಡಿದರೆ, ಒಡೆದ ಗಂಟಲಿನವರು, ಒಂದು ನಿಮಿಷ, ಎಂದು ಅದನ್ನು ಬಾಯಿಗೆತ್ತಿ ಗಟಗಟ ಕುಡಿದರು, ಅರ್ಧ ಲೋಟ, ನಮ್ಮೆಲ್ಲರ ಕಣ್ಣೆದುರು, ಆಹಾ ಎಂದರು, ಉಳಿದದ್ದನ್ನು ಎತ್ತರದ ಲೋಟಕ್ಕೆ ಸುರಿದರು, ತೆಳ್ಳನೆಯ ಲೋಟದಲ್ಲಿ ಅದು ಮೇಲಕ್ಕೆ ಹತ್ತಿ ಪಕ್ಕದ ಲೋಟದ ಮಟ್ಟಕ್ಕೇ ಬಂದು ನಿಂತಿತು, ಈಗ ಹೇಳು, ಸಮಾನಾ, ಒಂದರಲ್ಲಿ ಕಡಿಮೆಯಾ — ಚಿಗುಸಾ ಲೋಟವನ್ನು ನೋಡಿದಳು, ಮುಖ್ಯೋಪಾಧ್ಯಾಯಿನಿಯ ಒದ್ದೆ ತುಟಿಯನ್ನು ನೋಡಿದಳು, ಕುಡಿದರಲ್ಲ, ಎಂಬ ಮಾತು ಅವಳ ಕೆನ್ನೆಯವರೆಗೂ ಬಂದಿತ್ತು, ನಾನು ಬಲ್ಲೆ, ನನ್ನ ಮಗಳ ಕೆನ್ನೆ ಅದು, ಬಾಯಿ ತೆರೆದಳು, ಮತ್ತು ಲೋಟ ಬಿಟ್ಟು ಕಣ್ಣೆತ್ತಿ ನನ್ನ ಮುಖ ನೋಡಿದಳು, ಮತ್ತು ನನ್ನ ಗದ್ದ, ಹಾಳು ಗದ್ದ, ಬೇಸಿಗೆಯುದ್ದಕ್ಕೂ ಇಳಿದು ಇಳಿದು ಪಳಗಿದ ಗದ್ದ, ನನ್ನನ್ನು ಕೇಳದೆಯೇ ಒಂದಿಷ್ಟು ಕೆಳಗಿಳಿಯಿತು, ಹೊರಗಿನವರಿಗೆ ಕಾಣದಷ್ಟು, ಅವಳಿಗೆ ಕಾಣುವಷ್ಟು, ಅಷ್ಟೇ ಇದೆ, ಎಂದಳು ಚಿಗುಸಾ, ಸುರಿದದ್ದು ಮಾತ್ರ, ಏನೂ ಸೇರಿಸಿಲ್ಲ, ಏನೂ ತೆಗೆದಿಲ್ಲ, ಕೈ ತೊಡೆಯ ಮೇಲೆ, ಸಣ್ಣ ನಗು, ಮುಖ್ಯೋಪಾಧ್ಯಾಯಿನಿ ಮುಂದಕ್ಕೆ ಬಾಗಿ ಬಹಳ ಮೃದುವಾಗಿ, ಹೌದಾ, ಹಾಗಾದ್ರೆ ನಾನು ಈಗ ಕುಡಿದೆನಲ್ಲ, ಅದು, ಎಂದು ಕೇಳಿದರು, ಮತ್ತೆ ಅವಳ ಕಣ್ಣು ನನ್ನ ಮುಖಕ್ಕೆ ಬಂತು, ಈ ಸಲ ನನ್ನ ಮುಖದಲ್ಲಿ ಏನಿತ್ತೋ ನನಗೇ ತಿಳಿಯದು, ಅವಳು ಅದನ್ನು ಓದಿ ಮುಗಿಸಿ ಅತ್ತ ತಿರುಗಿ ಹೇಳಿದಳು, ನೀವು ಕುಡಿದಿಲ್ಲ.

ನೀವು ಕುಡಿದಿಲ್ಲ — ಗಿಂಕೊ ಎಲೆ ಬೂಟಿನ ಕೆಳಗೆ ಜಾರುತ್ತಿದೆ, ಜೋಪಾನ, ಎನ್ನುತ್ತಾನೆ ಶಿಂಗೊ, ತನ್ನದೇ ಶೂಗಳಲ್ಲಿ ಈಗ ಸದ್ದಿಲ್ಲದೆ ನಡೆಯುತ್ತಾನೆ, ಎಷ್ಟು ಚೆನ್ನಾಗಿ ಹೇಳಿದ್ಲು ಅಲ್ವಾ ಅಮ್ಮಾ, ಒಂದಕ್ಷರ ತಪ್ಪಲಿಲ್ಲ, ಭಾನುವಾರದ್ದು ಮಾತ್ರ ನನ್ನ ಮರ್ಯಾದೆ ತೆಗೆದುಬಿಟ್ಲು, ಎಂದು ನಗುತ್ತಾನೆ, ಇವನಿಗೆ ಏನೂ ಕಾಣಲಿಲ್ಲವೇ, ಅಥವಾ ಕಂಡೂ ಕಾಣದ ಹಾಗೆ ಇರುವುದೇ ಇವನ ಸುಖದ ಗುಟ್ಟೇ, ಉತ್ತರ ತಪ್ಪಿತು ಎಂದು ನಾನು ಹೇಳುತ್ತಿಲ್ಲ, ಸ್ಥಾನ ಸಿಕ್ಕರೂ ಸಿಗಬಹುದು, ಮಗು ಹೆದರಿದೆ ಪಾಪ ಎಂದು ಬರೆದುಕೊಂಡಿರಬಹುದು, ಬಾಯಾರಿಕೆ ಆಗಿದ್ಯಾ ಪುಟ್ಟಿ, ಉಳಿದದ್ದು ನೀನು ಕುಡೀತೀಯಾ, ಎಂದು ಮುಖ್ಯೋಪಾಧ್ಯಾಯಿನಿ ಕೊನೆಗೆ ಕೇಳಿದಾಗ, ಬಾರ್ಲಿ ಚಹಾ ಕಂಡರೆ ಮುಖ ತಿರುಗಿಸುವವಳು ಮುಖ ತಿರುಗಿಸಬೇಕಿತ್ತು, ಬೇಡ ಎನ್ನಬೇಕಿತ್ತು, ಬಾಯಾರಿಕೆ ಎಂಬುದು ಅವಳ ಗಂಟಲಿನಲ್ಲಿ ತಾನೇ ಇರುವುದು, ಅದನ್ನೂ ಅವಳು ನನ್ನ ಮುಖದಲ್ಲಿ ಹುಡುಕಿದಳು, ಕುಡಿದಳು, ಪೂರ್ತಿ ಕುಡಿದಳು, ಕುವಾಬಾರಾ ಟೀಚರ್‌ಗೆ ಫೋನು ಮಾಡಿ ಏನೆಂದು ಹೇಳಲಿ, ಬಾಯಿಗೆ ಉತ್ತರ ಕೂತಿದೆ ಟೀಚರ್, ಕಣ್ಣು ಮಾತಾಡುವುದನ್ನು ಬಿಟ್ಟಿದೆ, ಎನ್ನಲೇ, ಅವರು, ಒಳ್ಳೇದಾಯ್ತಲ್ಲ, ಎಂದಾರು, ತೆತ್ಸುಯಾ ಮೇಜಿನ ಕೆಳಗೆ ನುಸುಳಿದ, ನಾನು ನಾಚಿಕೆಯಿಂದ ಸತ್ತೆ, ಆದರೆ ಆ ಕೆಳಗಿನಿಂದ ಅವನು ಕೂಗಿದ್ದು ನೆನಪಿದೆ, ಎತ್ತರದ್ರಲ್ಲೇ ಜಾಸ್ತಿ, ಎತ್ತರದ್ರಲ್ಲೇ ಜಾಸ್ತಿ, ತಪ್ಪೇ ಹೇಳಿದ, ಆದರೆ ತನಗೆ ಕಂಡ ತಪ್ಪನ್ನು ಹೇಳಿದ, ಯಾರ ಮುಖವೂ ಕಾಣದ ಕತ್ತಲೆಯಿಂದ ಹೇಳಿದ.

ಸ್ಟೇಷನ್ನಿನ ಮೆಟ್ಟಿಲ ಪಕ್ಕ ನಿಂತು ತಿನ್ನುವ ಉದೋನ್ ಶಾವಿಗೆಯ ಅಂಗಡಿ, ಸಾರಿನ ಹಬೆ ಬಾಗಿಲ ಪರದೆಯ ಕೆಳಗಿನಿಂದ ನುಗ್ಗಿ ಮೂಗಿಗೆ ಹತ್ತುತ್ತಿದೆ, ಬೆಳಿಗ್ಗೆ ಗಾಬರಿಯಲ್ಲಿ ಯಾರೂ ಸರಿಯಾಗಿ ತಿಂದಿಲ್ಲ, ಶಿಂಗೊ ಟಿಕೆಟ್ಟಿಗೆ ಹೋಗಿದ್ದಾನೆ, ಹಸಿವಾಯ್ತಾ ಚಿಗುಸಾ, ಎಂದು ಕೇಳಿದೆ ನಾನು, ಬರಿಯ ಪ್ರಶ್ನೆ, ಲೋಕದ ತಾಯಂದಿರೆಲ್ಲ ದಿನಕ್ಕೆ ನೂರು ಸಲ ಕೇಳುವ ಪ್ರಶ್ನೆ, ಅವಳು ಪರದೆಯ ಕಡೆ ನೋಡಲಿಲ್ಲ, ಮೂಗು ಅರಳಿಸಲಿಲ್ಲ, ಕಣ್ಣೆತ್ತಿ ನನ್ನ ಮುಖ ನೋಡಿದಳು, ನೋಡುತ್ತಲೇ ಇದ್ದಳು, ನಾನು ಮುಖವನ್ನು ಖಾಲಿ ಮಾಡಲು ನೋಡಿದೆ, ಹುಬ್ಬು ಸಡಿಲಿಸಿದೆ, ಗದ್ದವನ್ನು ಕತ್ತಿನ ಪಟ್ಟಿಯೊಳಗೆ ಹುದುಗಿಸಿದೆ, ಖಾಲಿ ಮುಖವನ್ನೂ ಅವಳು ಓದುತ್ತಾಳೆ, ಅದರಲ್ಲೂ ಏನೋ ಬರೆದಿದೆ ಎಂಬಂತೆ ಓದುತ್ತಾಳೆ, ನನ್ನ ಕಡೆ ನೋಡ್ಬೇಡ್ವೇ, ನಿನ್ನ ಹೊಟ್ಟೆ ಕೇಳ್ಕೋ, ಎಂದು ರೇಗಿದೆ, ರೇಗಿದ ಮುಖವನ್ನು ಇನ್ನಷ್ಟು ಗಮನವಿಟ್ಟು ನೋಡಿದಳು, ಏನು ಮಾಡಲಿ, ಜನ ಸುತ್ತುವರಿದು ಸಾಗುತ್ತಿದ್ದಾರೆ, ರೈಲಿನ ಗಂಟೆ ಬಾರಿಸುತ್ತಿದೆ, ನಾನು ಅಲ್ಲೇ ಕುಕ್ಕರಗಾಲಿನಲ್ಲಿ ಕುಳಿತು, ಹೊಸ ಲಂಗ ನೆಲ ಒರೆಸಲಿ, ಎರಡೂ ಅಂಗೈಗಳಿಂದ ಮುಖ ಮುಚ್ಚಿಕೊಂಡೆ, ಈಗ ಹೇಳು, ನನ್ನ ಮುಖ ಇಲ್ಲ, ಯಾರ ಮುಖವೂ ಇಲ್ಲ, ಹಸಿವಾ, ಇಲ್ವಾ, ಏನು ಹೇಳಿದರೂ ಸರಿ, ಎಂದೆ, ಅಂಗೈಯೊಳಗೆ ನನ್ನದೇ ಉಸಿರು ಬಿಸಿ, ಅವಳು ನಗಲಿಲ್ಲ, ಕೈ ಹಿಡಿದೆಳೆಯಲಿಲ್ಲ, ಸಾರಿನ ವಾಸನೆ, ಇನ್ನೊಂದು ರೈಲಿನ ಗಂಟೆ, ಬೆರಳುಗಳ ನಡುವೆ ಒಂದು ಸಣ್ಣ ಸಂದು ಮಾಡಿ ನೋಡಿದರೆ, ಕೈ ಎರಡನ್ನೂ ಲಂಗಕ್ಕೆ ಒತ್ತಿ ಹಿಡಿದು, ಬೆನ್ನು ನೆಟ್ಟಗೆ ಮಾಡಿ, ನನ್ನ ಮುಖ ಎಲ್ಲಿ ಹೊರಗೆ ಬರಬೇಕೋ ಸರಿಯಾಗಿ ಅಲ್ಲಿಗೇ ನೆಟ್ಟ ಎರಡು ಕಣ್ಣು, ರೆಪ್ಪೆ ಬಡಿಯದೆ, ಕಾಯುತ್ತಿರುವ ಕಣ್ಣು —